ಇನಾರಿ ಕೆರೆ ಮೇಲಿನ ಹಸಿರು ಬೆಳಕು, ಮತ್ತೆ ಒಂದು ಕಲ್ಲುಹೂವಿನ ಮಾತು

2024ರ ಮೇ ತಿಂಗಳಲ್ಲಿ ಸೂರ್ಯನಿಂದ ದೊಡ್ಡ ಬಿರುಗಾಳಿ ಎದ್ದಿತ್ತಲ್ಲ, ಆವಾಗ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದನ್ನ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ಕ್ಯಾಮೆರಾ ಹಿಡಿದಿತ್ತು. ಆ ಫೋಟೋ ನೋಡಿದಾಗಿಂದ ಈ ಅರೋರಾನ, ಅಂದ್ರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡೋ ಬಣ್ಣದ ಬೆಳಕನ್ನ, ಒಂದ್ಸಲ ಕಣ್ಣಾರೆ ನೋಡ್ಲೇಬೇಕು ಅನ್ನೋ ಹಂಬಲ. ತಮ್ಮ ಫಿನ್‌ಲ್ಯಾಂಡಿನ ಹೆಲ್ಸಿಂಕಿ ಪಕ್ಕದ ಎಸ್ಪೋದಲ್ಲಿ ಇದಾನೆ, "ಅಕ್ಕ, ಮಾರ್ಚಲ್ಲಿ ಬಾ, ಹಗಲು ಓಡಾಡೋಕೆ ಬೆಳಕೂ ಇರುತ್ತೆ, ರಾತ್ರಿ ಬೇಕಾದಷ್ಟು ಕತ್ತಲೂ ಇರುತ್ತೆ" ಅಂದ. ಹೊರಟುಬಿಟ್ಟೆ.

ಹೆಲ್ಸಿಂಕಿಯಿಂದ ರಾತ್ರಿ ಟ್ರೇನಲ್ಲಿ ರೊವಾನಿಯೆಮಿ, ಅಲ್ಲಿಂದ ಬಸ್ಸಲ್ಲಿ ಇನ್ನೂ 300 ಕಿಲೋಮೀಟರಿಗೂ ಜಾಸ್ತಿ ಉತ್ತರಕ್ಕೆ ಹೋದ್ರೆ ಇನಾರಿ. ಜನ ಹೆಚ್ಚಾಗಿ ರೊವಾನಿಯೆಮಿಯಲ್ಲೇ ಉಳ್ಕೋತಾರೆ, ನನಗೆ ಆ ಗದ್ದಲ ಹಿಡಿಸಲಿಲ್ಲ, ಕಾಡು ನೋಡೋಕೆ ಬಂದಮೇಲೆ ಕಾಡಿಗೇ ಹೋಗ್ಬೇಕು. ಇನಾರಿ ಸರೋವರದಲ್ಲಿ 3000ಕ್ಕೂ ಹೆಚ್ಚು ದ್ವೀಪಗಳಿವೆಯಂತೆ, ನಾವು ಹೋದಾಗ ನೀರೇ ಕಾಣಲ್ಲ, ಕಣ್ಣು ಹೋದಷ್ಟು ದೂರಾನೂ ಬಿಳಿ, ಅದರ ಮೇಲೆ ಸ್ನೋಮೊಬೈಲ್‌ಗಳು ನಮ್ಮಲ್ಲಿ ಬೈಕ್ ಓಡಾಡೋ ಹಾಗೆ ಓಡಾಡ್ತಿದ್ವು.

ಒಂದು ವಿಷಯ ಮಾತ್ರ ಹೇಳ್ಲೇಬೇಕು, ಈಗಲೂ ನೆನೆಸ್ಕೊಂಡ್ರೆ ಕೋಪ ಬರುತ್ತೆ. ಬಾಡಿಗೆಗೆ ಬೂಟು ಕೊಟ್ಟವರು ನನ್ನ ಅಳತೆದೇ ಕೊಟ್ರು, ನಾನು ಚಳಿಗೆ ಹೆದರಿ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕ್ಕೊಂಡಿದ್ದೆ, ಬೂಟು ಬಿಗಿಯಾಯ್ತು. ಬಿಗಿಯಾದ್ರೆ ಒಳಗೆ ಬೆಚ್ಚಗಿನ ಗಾಳಿ ನಿಲ್ಲೋಕೆ ಜಾಗ ಇಲ್ಲ, ರಕ್ತನೂ ಸರಿಯಾಗಿ ಓಡಲ್ಲ, ಮೊದಲನೇ ದಿನ ಸ್ನೋ ಶೂ (ಹಿಮದಲ್ಲಿ ಕಾಲು ಹೂತುಹೋಗದ ಹಾಗೆ ಬೂಟಿಗೆ ಕಟ್ಟೋ ಅಗಲದ ಪಟ್ಟಿ) ಹಾಕ್ಕೊಂಡು ಒಂದು ಗಂಟೆ ನಡೆಯೋದ್ರೊಳಗೆ ಹೆಬ್ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಬೆಂಕಿ ಪಕ್ಕ ಕೂತು ಅದು ಜೀವ ಬರೋವಾಗ ಆದ ನೋವು ಯಾರಿಗೂ ಬೇಡ. ಒಂದು ಸೈಜ್ ದೊಡ್ಡದನ್ನೇ ಕೇಳಿ ತಗೊಳ್ಳಿ, ಅವರಾಗಿ ಹೇಳಲ್ಲ. ಫೋನನ್ನ ಒಳಗಿನ ಜೇಬಲ್ಲಿ ಮೈಗೆ ತಾಗೋ ಹಾಗೆ ಇಟ್ಕೊಳ್ಳಿ, ಇಲ್ದಿದ್ರೆ ಬ್ಯಾಟರಿ ಕಣ್ಣೆದುರೇ ಇಳಿದು ಹೋಗುತ್ತೆ.

ಮೂರನೇ ದಿನ ಸಂಜೆ ಒಬ್ಬ ಸಾಮಿ ಹೆಂಗಸಿನ ಮನೆಗೆ ಹೋದ್ವಿ, ಸಾಮಿ ಅಂದ್ರೆ ಈ ಉತ್ತರದ ಸೀಮೆಯ ಮೂಲನಿವಾಸಿಗಳು. ರೇನ್‌ಡೀರ್, ಅಂದ್ರೆ ಹಿಮಸಾರಂಗ, ಸಾಕೋ ಮನೆತನ, ಅರವತ್ತರ ಮೇಲಿನ ವಯಸ್ಸು. ಮನೆ ಹಿಂದೆ ಮರದ ಗುಡಿಸಲು, ಅದಕ್ಕೆ ಕೋಟಾ ಅಂತಾರೆ, ನಡುವೆ ಬೆಂಕಿ, ಅದರ ಮೇಲೆ ಮಸಿ ಹಿಡಿದ ಕೆಟ್ಲು. ಫಿಲ್ಟರ್ ಕಾಫಿಯ ನಾಲಿಗೆಗೆ ಅವರ ಕಾಫಿ ತೆಳ್ಳಗೆ, ಆದ್ರೆ ಅದರೊಳಗೆ ಹಾಕಿ ಕೊಡೋ ಚೀಸ್ ಇದೆಯಲ್ಲ, ಥೇಟ್ ನಮ್ಮ ಗಿಣ್ಣು. ಕೇಳಿದ್ರೆ ಹಿಂದೆ ಅದನ್ನ ಗಿಣ್ಣುಹಾಲಲ್ಲೇ ಮಾಡ್ತಿದ್ರಂತೆ!

ಆಕೆ ಫಿನ್ನಿಷ್‌ನಲ್ಲಿ ಹೇಳೋದು, ತಮ್ಮ ಕನ್ನಡ ಮಾಡೋದು. ನಿಮ್ಮ ಹತ್ರ ಎಷ್ಟು ರೇನ್‌ಡೀರ್ ಇವೆ ಅಂತ ಕೇಳಿಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಂಕಲ್ಲಿ ಎಷ್ಟು ದುಡ್ಡಿದೆ ಅಂತ ನಾನು ನಿಮ್ಮನ್ನ ಕೇಳಲ್ಲ ಅಲ್ವಾ" ಅಂದ್ರು ಮೆತ್ತಗೆ. ತಪ್ಪಾಯ್ತು ಅಂದೆ. ಆಮೇಲೆ ಅವರೇ ಕರುವಿನ ಕಿವಿಗೆ ಚಾಕುವಲ್ಲಿ ಕಚ್ಚು ಹಾಕಿ ಗುರುತು ಮಾಡೋದನ್ನ ವಿವರಿಸಿದ್ರು, ಒಬ್ಬೊಬ್ಬರದ್ದೂ ಬೇರೆ ಬೇರೆ ಗುರುತು. ನಮ್ಮ ಹಿರಿಯೂರು ಕಡೆ ಕುರಿಯವರೂ ಹೀಗೇ ಕಿವಿಗೆ ಗುರುತು ಹಾಕ್ತಾರೆ ಅಂದೆ, ಆಗ ಮುಖ ಅರಳ್ತು.

ಚಳಿಗಾಲದಲ್ಲಿ ಏನು ತಿನ್ನುತ್ವೆ ಅಂದ್ರೆ ಎದ್ದುಹೋಗಿ ಒಂದು ಹಿಡಿ ತಂದು ನನ್ನ ಅಂಗೈಗೆ ಹಾಕಿದ್ರು. ಬೂದು ಬಿಳಿ, ಒಣಗಿದ ಕವಲು ಕವಲು. ಕಲ್ಲುಹೂವಿನ ಜಾತಿ! ನಾನು ತಡೀಲಾರದೆ, ನಾವು ಇದರ ನೆಂಟರನ್ನ ಬಿಸಿಬೇಳೆಬಾತ್ ಪುಡಿಗೆ ಹಾಕ್ತೀವಿ ಅಂದೆ. ಆಕೆ ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು. ಆಮೇಲೆ, ಇದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯೋದು, ಒಂದು ಹಿಡಿ ಅಂದ್ರೆ ಎಷ್ಟೋ ವರ್ಷ ಅಂದ್ರು. ಹಿಮ ಮೆತ್ತಗಿದ್ರೆ ರೇನ್‌ಡೀರ್ ಸಾಕಷ್ಟು ಆಳ ಇದ್ರೂ ಗೊರಸಲ್ಲಿ ಕೆದರಿ ತಿನ್ನುತ್ತೆ, ಈಗೀಗ ನಡು ಚಳಿಗಾಲದಲ್ಲೇ ಮಳೆ ಬರುತ್ತೆ, ಅದು ಹೆಪ್ಪುಗಟ್ಟಿ ಗಾಜಿನ ಹಾಗೆ ಮುಚ್ಕೊಂಡ್ರೆ ಕೆಳಗಿರೋ ಮೇವು ಕೈಗೆ ಸಿಗಲ್ಲ, ಹುಲ್ಲು ಕೊಂಡು ಹಾಕ್ಬೇಕು. ನಮಗೆ ಮಳೆ ಬರ್ಲಿಲ್ಲ ಅಂತ ಚಿಂತೆ, ಇವರಿಗೆ ಬಂತು ಅಂತ. ನಾನು ಆ ಹಿಡಿಯನ್ನ ಹಾಗೇ ಹಿಡ್ಕೊಂಡು ಕೂತಿದ್ದೆ, ಕೆಳಗಿಡೋಕೆ ಮನಸ್ಸಾಗ್ಲಿಲ್ಲ.

ಅಷ್ಟರಲ್ಲಿ ಹೊರಗಿಂದ ತಮ್ಮನ ಮಗ, "ಅತ್ತೇ! ಬಾ ಬಾ!" ಅಂತ ಕೂಗಿದ.

ಹೋಗಿ ನೋಡಿದ್ರೆ ಒಂದು ಮಬ್ಬು ಬಿಳಿ ಪಟ್ಟಿ, ಮೋಡ ಅಂದ್ಕೊಂಡೆ. ಫೋನಲ್ಲಿ ಹಿಡಿದ್ರೆ ಹಸಿರು, ಕಣ್ಣಿಗೆ ಬೂದು. ಇಷ್ಟೇನಾ ಅಂತ ಮನಸ್ಸು ಇಳಿಯೋಷ್ಟರಲ್ಲಿ ಆ ಪಟ್ಟಿ ಅಲುಗಾಡ್ತು. ಅಮ್ಮ ಸೀರೆ ಮಡಚೋ ಮುಂಚೆ ಎರಡೂ ಕೈಯಲ್ಲಿ ಝಾಡಿಸಿದಾಗ ಅಲೆ ಅಂಚಿನುದ್ದಕ್ಕೂ ಓಡುತ್ತಲ್ಲ, ಹಾಗೆ ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡ್ತು, ಕಣ್ಣಿಗೇ ಹಸಿರಾಯ್ತು, ಕೆಳಗಿನ ಅಂಚಲ್ಲಿ ಗುಲಾಬಿ ಮಿಂಚಿ ಹೋಯ್ತು, ಹಿಮ ಕೂಡ ಹಸಿರು. ನೂರು ಕಿಲೋಮೀಟರ್ ಎತ್ತರದ ಆಕ್ಸಿಜನ್ ಹೊಳೆಯೋದಂತೆ, ಕೆಂಪು ಇನ್ನೂ ಮೇಲಿನದು, ಹಾನ್ಲೆಗೆ ಕಂಡಿದ್ದು ಇದರ ನೆತ್ತಿ ಮಾತ್ರ. ಇಷ್ಟು ದೊಡ್ಡದು ನಡೀತಿದೆ, ಒಂದು ಸದ್ದಿಲ್ಲ. ಕಣ್ಣೀರು ಬಂದು ರೆಪ್ಪೆಯಲ್ಲೇ ಹೆಪ್ಪುಗಟ್ತು. ಹುಡುಗ ಖುಷಿಗೆ ಸಿಳ್ಳೆ ಹಾಕೋಕೆ ಹೋದ, ಆಕೆ ತಟ್ಟನೆ ಅವನ ಭುಜ ಹಿಡಿದ್ರು. ಅದರ ಮುಂದೆ ಸಿಳ್ಳೆ ಹಾಕ್ಬಾರ್ದು, ಅವರ ಹಿರಿಯರ ಕಾಲದಿಂದ ಬಂದ ಮಾತು. ಅವರ ಭಾಷೆಯಲ್ಲಿ ಇದಕ್ಕೆ ಗುವೊವ್ಸಹಸ್ ಅಂತ ಹೆಸರು.

ಹತ್ತು ನಿಮಿಷ ಇತ್ತೋ ಏನೋ. ಮುಂದಿನ ಎರಡು ರಾತ್ರಿ ಪೂರ್ತಿ ಮೋಡ, ಆಮೇಲೆ ವಾಪಸ್. ಆದ್ರೆ ಆ ರಾತ್ರಿ ಬೆಳಕು ತೆಳುವಾದ ಮೇಲೂ ಆಕೆ ತಲೆಯೆತ್ತಿ ನೋಡ್ತಾನೇ ಇದ್ರು, ಎಷ್ಟು ಸಾವಿರ ಸಲ ನೋಡಿದ್ದಾರೋ. ಏನು ನೋಡ್ತಿದೀರಿ ಅಂತ ತಮ್ಮನ ಕೈಲಿ ಕೇಳಿಸಿದೆ.

"ಮೋಡ ಇಲ್ಲ" ಅಂದ್ರು, "ಇವತ್ತು ಮಳೆ ಬರಲ್ಲ."