ಏಳನ್ನು ತಿರುಗಿಸಿ ನೋಡುವ ವಿದ್ಯೆ

ಲಂಡನ್ನಿನ ವಿಶ್ವವಿದ್ಯಾಲಯದಲ್ಲಿ ನನ್ನ ಸ್ನಾತಕೋತ್ತರ ಓದಿನ ಜೊತೆಗೆ ತರ್ಕಬದ್ಧ ಚಿಂತನೆಯ ತರಗತಿಗಳೂ ಇವೆ. ಅಲ್ಲಿ ಕಲಿತದ್ದರಲ್ಲಿ ಉಡುಪಿಯ ಸ್ನೇಹಿತರಿಗೆ ಹೇಳಲೇಬೇಕೆನಿಸಿದ್ದು, ಇದೇ ನಗರದ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಮುಂದಿಟ್ಟ ಒಂದು ಸಮಸ್ಯೆ.

ಅದನ್ನು ಕನ್ನಡ ಅಕ್ಷರಗಳಲ್ಲಿ ಹೀಗೆ ಹೇಳಬಹುದು. ನಾಲ್ಕು ಕಾರ್ಡುಗಳಿವೆ; ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ನಮಗೆ ಕಾಣುತ್ತಿರುವುದು ಅ, ಕ, 4 ಮತ್ತು 7. ‘ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮವನ್ನು ಪರೀಕ್ಷಿಸಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಬಹಳ ಮಂದಿ ‘ಅ’ ಮತ್ತು 4 ಎನ್ನುತ್ತಾರೆ. ಆದರೆ 4ರ ಹಿಂದೆ ‘ಕ’ ಇದ್ದರೂ ನಿಯಮಕ್ಕೆ ಭಂಗವಿಲ್ಲ; 7ರ ಹಿಂದೆ ಸ್ವರವಿದ್ದರೆ ನಿಯಮವೇ ಬಿದ್ದುಹೋಗುತ್ತದೆ. ಆದ್ದರಿಂದ ತಿರುಗಿಸಬೇಕಾದವು ‘ಅ’ ಮತ್ತು 7. ಇದೇ ಸಮಸ್ಯೆಯನ್ನು ಸಂಶೋಧಕರಾದ ಗ್ರಿಗ್ಸ್ ಮತ್ತು ಕಾಕ್ಸ್ 1982ರಲ್ಲಿ ‘ಬಿಯರ್ ಕುಡಿಯುವವರ ವಯಸ್ಸು 19 ಮೀರಿರಬೇಕು’ ಎಂಬ ನಿಯಮವಾಗಿ ಕೇಳಿದಾಗ ಹೆಚ್ಚಿನವರು ಸರಿಯುತ್ತರ ಕೊಟ್ಟರು. ಹೀಗೆ ಯೋಚಿಸುವ ಶಕ್ತಿ ನಮ್ಮಲ್ಲಿದೆ, ನಮಗೆ ಪ್ರಿಯವಾದ ನಂಬಿಕೆಯ ಮುಂದೆ ಅದನ್ನು ಬಳಸುವ ಅಭ್ಯಾಸ ಬೇಕು.

ನಮ್ಮ ಕರಾವಳಿಯ ಮನೆಗಳಲ್ಲಿ ಕೇಳಿಬರುವ ಒಂದು ಮಾತನ್ನೇ ನೋಡಿ: ‘ಅಜ್ಜ ದಿನವೂ ಕುಚ್ಚಲಕ್ಕಿ ಗಂಜಿ ಉಂಡರು, ಅವರಿಗೆ ಸಕ್ಕರೆ ಕಾಯಿಲೆ ಬರಲಿಲ್ಲ, ಗಂಜಿ ಉಂಡವರಿಗೆ ಅದು ಬರುವುದಿಲ್ಲ.’ ಆರೋಗ್ಯವಾಗಿರುವ ಅಜ್ಜಂದಿರನ್ನು ಎಷ್ಟು ಸೇರಿಸಿದರೂ ನಾವು 4ನ್ನೇ ಮತ್ತೆ ಮತ್ತೆ ತಿರುಗಿಸಿದಂತಾಗುತ್ತದೆ. ಕಾಯಿಲೆ ಬಂದವರನ್ನು ಅವರು ಏನು ಉಣ್ಣುತ್ತಿದ್ದರೆಂದು ಕೇಳಬೇಕು; ಗಂಜಿ ಉಣ್ಣುತ್ತಿದ್ದವರು ಅವರಲ್ಲಿ ಒಬ್ಬರಿದ್ದರೂ ಆ ಮಾತು ನಿಲ್ಲುವುದಿಲ್ಲ. ಗಂಜಿ ಒಳ್ಳೆಯದೋ ಅಲ್ಲವೋ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಪುರಾವೆ ಬೇಕು.

ಇದನ್ನು ಕಲಿಯುವಾಗ ನನಗೆ ನೆನಪಾದದ್ದು ಉಡುಪಿಯ ಕೃಷ್ಣಮಠದ ನಮ್ಮ ರಥಬೀದಿಯ ಸುತ್ತಲಿನ ಶಾಸ್ತ್ರಪಾಠ. ‘ಸಾಧ್ಯ’ ಎಂದರೆ ಸಾಧಿಸಬೇಕಾದ ವಿಷಯ, ‘ಹೇತು’ ಎಂದರೆ ಅದಕ್ಕೆ ಕೊಡುವ ಕಾರಣ; ‘ಸಾಧ್ಯ’ ಇಲ್ಲದ ಕಡೆಯೂ ‘ಹೇತು’ ಕಾಣಿಸಿದರೆ ಆ ವಾದದಲ್ಲಿ ‘ವ್ಯಭಿಚಾರ’ ಎಂಬ ದೋಷವಿದೆಯೆಂದು ನಮ್ಮ ಹಳೆಯ ತರ್ಕವಿದ್ಯೆಯಾದ ನ್ಯಾಯಶಾಸ್ತ್ರ ಹೇಳುತ್ತದೆ. ‘ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ’ ಎಂಬ ವಾದಕ್ಕೆ, ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆಯಿಲ್ಲವೆಂದು ಉತ್ತರಿಸುವ ವಿದ್ಯಾರ್ಥಿ ಮಾಡುವುದು 7ನ್ನು ತಿರುಗಿಸುವ ಕೆಲಸವನ್ನೇ. ಇಷ್ಟು ಸೂಕ್ಷ್ಮವಾದ ಅಭ್ಯಾಸ ಊರಿನಲ್ಲೇ ಇದ್ದರೂ ವಿಜ್ಞಾನ, ವಾಣಿಜ್ಯ ಓದುವ ಮಕ್ಕಳಿಗೆ ಅದರ ಪರಿಚಯವಾಗದೆ ಹೋಗುವುದು ನನಗೆ ನಿಜವಾಗಿಯೂ ನೋವು ತರುತ್ತದೆ. ಉಡುಪಿ, ಮಂಗಳೂರಿನ ಕಾಲೇಜುಗಳು ತರ್ಕದ ವಿದ್ವಾಂಸರನ್ನೂ ಸಂಖ್ಯಾಶಾಸ್ತ್ರದ ಅಧ್ಯಾಪಕರನ್ನೂ ಒಂದೇ ತರಗತಿಗೆ ಕರೆದು, ಗಂಜಿಯ ಮಾತಿನಿಂದಲೇ ಪಾಠ ಆರಂಭಿಸಬಹುದು.