ಒಂದೇ ಗೇಮ್‌ಗೆ ಇಷ್ಟೊಂದು ಕೆಟಗರಿ ಯಾಕೆ?

ನಾನು ಒಂದು ವಿಡಿಯೋ ಗೇಮ್‌ನ ಸ್ಪೀಡ್‌ರನ್ (ಗೇಮ್ ಅನ್ನು ಆದಷ್ಟು ಬೇಗ ಮುಗಿಸುವ ಪೈಪೋಟಿ) ಲೀಡರ್‌ಬೋರ್ಡ್, ಅಂದರೆ ಯಾರು ಎಷ್ಟು ಹೊತ್ತಿನಲ್ಲಿ ಮುಗಿಸಿದರು ಎಂಬ ಪಟ್ಟಿ, ನೋಡಿಕೊಳ್ಳುತ್ತೇನೆ ಎಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು: "ಯಾರು ಬೇಗ ಮುಗಿಸಿದರೋ ಅವರೇ ಗೆದ್ದ ಹಾಗಲ್ಲವಾ? ಇಷ್ಟು ಕೆಟಗರಿ, ಇಷ್ಟು ರೂಲ್ಸ್ ಯಾಕೆ?"

ಕೆಟಗರಿ ಅಂದರೆ ಒಂದೇ ಗೇಮ್‌ನ್ನು ಬೇರೆ ಬೇರೆ ಷರತ್ತಿನಲ್ಲಿ ಮುಗಿಸುವ ಪೈಪೋಟಿ. ಮುಗಿಸುವುದು ಅಂದರೆ ಏನು ಎಂಬಲ್ಲೇ ತಕರಾರು ಶುರುವಾಗುತ್ತದೆ. 1996ರ ಸೂಪರ್ ಮಾರಿಯೋ 64ನ್ನೇ ನೋಡಿ. ಅದರಲ್ಲಿ ಕೂಡಿಸಲು ಇರುವುದು 120 ಸ್ಟಾರ್. ಕೊನೆಯ ಸಲ ಎದುರಾಗುವ ಖಳನಾಯಕ ಬೌಸರ್ ಹತ್ತಿರ ಹೋಗಲು 70 ಬೇಕು. ಅಷ್ಟಿಲ್ಲದಿದ್ದರೆ ಎಷ್ಟು ಹತ್ತಿದರೂ ಮೆಟ್ಟಿಲು ಮುಗಿಯುವುದೇ ಇಲ್ಲ. ಆದರೆ ಮಾರಿಯೋನಿಂದ ಹಿಮ್ಮುಖವಾಗಿ ಲಾಂಗ್ ಜಂಪ್ ಮಾಡಿಸುತ್ತಾ ಹೋದರೆ ಅವನ ವೇಗಕ್ಕೆ ಮಿತಿ ತಪ್ಪಿ, ಆ ಮೆಟ್ಟಿಲನ್ನೂ ದಾಟಿಬಿಡುತ್ತಾನೆ. ಇಂಥ ಗ್ಲಿಚ್‌ಗಳಿಂದ (ಗೇಮ್‌ನಲ್ಲೇ ಉಳಿದುಹೋದ ದೋಷಗಳಿಂದ) 16 ಸ್ಟಾರ್ ಸಾಕಾಯಿತು. ಆಮೇಲೆ 1, ಕೊನೆಗೆ 0. ಹಾಗೆಂದು ಹಳೆಯ ಕೆಟಗರಿಗಳು ಸಾಯಲಿಲ್ಲ. 120ರಲ್ಲಿ ಇಡೀ ಗೇಮ್ ಮೇಲೆ ಹಿಡಿತ ಬೇಕು, ಹೊಸದಾಗಿ ಕಲಿಯಲು ಹೊರಟವರಿಗೆ 16 ಹಿತ. 70ರಲ್ಲಿ ಆ ಹಿಮ್ಮುಖ ಜಿಗಿತವನ್ನೇ ನಿಷೇಧಿಸಿದ್ದಾರೆ. ಅದಕ್ಕೆ ಅವಕಾಶ ಕೊಟ್ಟರೆ 70 ಕೂಡಿಸುವ ಅಗತ್ಯವೇ ಇರುವುದಿಲ್ಲ.

ನನಗೆ ಅತಿ ಕಷ್ಟವಾದದ್ದು ಗ್ಲಿಚ್‌ಲೆಸ್, ಅಂದರೆ ಗ್ಲಿಚ್ ಬಳಸದೆ ಮುಗಿಸುವ ಕೆಟಗರಿ. ನಾನು ನೋಡಿಕೊಳ್ಳುವ ಗೇಮ್‌ನಲ್ಲಿ ಇದಕ್ಕೆ ಮೊದಲು ಇದ್ದದ್ದು ಒಂದೇ ಸಾಲಿನ ರೂಲ್: "ಗ್ಲಿಚ್ ಬಳಸುವಂತಿಲ್ಲ." ಒಬ್ಬರು ಕಂಬದ ಮೇಲೆ ಹತ್ತಿ, ಗೋಡೆ ಹಾರಿ, ಒಂದು ಕೋಣೆಯನ್ನೇ ತಪ್ಪಿಸಿದ ರನ್ ಕಳಿಸಿದರು. "ನಾನು ಗೋಡೆ ಹಾರಿದ್ದೇನೆ, ಗೋಡೆಯೊಳಗೆ ತೂರಿಲ್ಲ" ಎಂದರು. ವಿಡಿಯೋ ಹತ್ತಾರು ಸಲ ನೋಡಿದೆ. ಅವರ ಮಾತೇ ಸರಿ. ರನ್ ಒಪ್ಪಿಕೊಂಡು, ರೂಲ್ ತಿದ್ದಿದೆವು: ಗೋಡೆ, ಬಾಗಿಲು, ನೆಲದ ಮೂಲಕ ತೂರಿ ಹೋಗುವಂತಿಲ್ಲ, ಮೇಲಿನಿಂದ ಹಾರಿ ದಾಟಬಹುದು. ವಿಡಿಯೋದಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ರೂಲ್‌ನಲ್ಲಿ ಬರೆಯಬೇಕು ಎಂದು ಅವತ್ತಿನಿಂದ ಹಟ ಹಿಡಿದಿದ್ದೇನೆ.

ಟೈಮಿಂಗ್‌ದೂ ಅದೇ ಕಥೆ. "ಗೇಮ್ ಶುರುವಾದಾಗ" ಅಂದರೆ ಯಾವಾಗ? ನ್ಯೂ ಗೇಮ್ ಒತ್ತಿದಾಗಲೋ, ಪಾತ್ರ ನಮ್ಮ ಕೈಗೆ ಸಿಕ್ಕಾಗಲೋ? ಪೈಪೋಟಿಯ ರನ್‌ಗಳನ್ನು ನಾವು ವಿಡಿಯೋದ ಫ್ರೇಮ್ (ಒಂದೊಂದು ಚಿತ್ರ) ಎಣಿಸಿ ಅಳೆಯುತ್ತೇವೆ. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೋದಲ್ಲಿ ಒಂದು ಫ್ರೇಮ್ ತಪ್ಪಿದರೆ ಸುಮಾರು 33 ಮಿಲಿಸೆಕೆಂಡ್ ಹೆಚ್ಚುಕಡಿಮೆ; ಮೊದಲ ಎರಡು ಸ್ಥಾನ ಅದಲುಬದಲಾಗಲು ಅಷ್ಟು ಸಾಕು. ಲೋಡಿಂಗ್ ಸಮಯವನ್ನೂ ಒಟ್ಟು ಲೆಕ್ಕದಿಂದ ಕಳೆಯುತ್ತೇವೆ. ಬರೀ ದುಬಾರಿ ಕಂಪ್ಯೂಟರ್ ಇದೆ ಎಂಬ ಕಾರಣಕ್ಕೆ ಯಾರೂ ಮೇಲೆ ಬರಬಾರದು.

ಹೊಸ ಕೆಟಗರಿ ಬೇಕು ಎಂದು ಯಾರಾದರೂ ಕೇಳಿದರೆ ನನ್ನ ಮಾತು ಒಂದೇ: ಮೂರು ಜನ ಆಡಿ ಮುಗಿಸಿದ ವಿಡಿಯೋ ತೋರಿಸಿ, ತೆರೆಯುತ್ತೇನೆ. ಖಾಲಿ ಬೋರ್ಡ್ ನೋಡಿದ ಹೊಸಬರು ಈ ಗೇಮ್‌ನ್ನು ಯಾರೂ ಆಡುವುದಿಲ್ಲ ಅಂದುಕೊಂಡು ಹೊರಟುಹೋಗುತ್ತಾರೆ. ಸದ್ಯಕ್ಕೆ ಮ್ಯಾಪ್ ತೆರೆಯದೆ ಆಡುವ ಕೆಟಗರಿಗೆ ಎರಡು ವಿಡಿಯೋ ಬಂದಿವೆ. ಎರಡೂ ಚೆನ್ನಾಗಿವೆ. ಮೂರನೆಯದಕ್ಕೆ ಕಾಯುತ್ತಿದ್ದೇನೆ.