ಕಿನ್ನಾಳದ ಗಿಣಿ

ಇವತ್ತು ಸಂಜೆ ಅಕ್ಕನ ಮಗ ಕಪಾಟಿನ ಮೂಲೆಯಿಂದ ಹಳೇ ಟಾಯ್ ಪ್ಯಾಡ್ ಹೊರಗೆ ತೆಗೆದ. ಲೆಗೊ ಡೈಮೆನ್ಷನ್ಸ್ ಅನ್ನೋ ವಿಡಿಯೊ ಆಟದ್ದು, ಗೊಂಬೆ ಇಟ್ಟರೆ ಬೆಳಗುವ ಹಲಗೆ. ಜೋಡಿಸಿಕೊಟ್ಟೆ.

ಸ್ವಲ್ಪ ಹೊತ್ತಿಗೆ ಕೂಗಿದ. "ಮಾಮಾ, ಇದನ್ನಿಟ್ರ ಲೈಟ್ ಯಾಕ ಬರವಲ್ದು?"

ನೋಡಿದರೆ ಪ್ಯಾಡ್ ಮೇಲೆ ಕೊಪ್ಪಳ ಹತ್ತಿರದ ಕಿನ್ನಾಳದ ಮರದ ಗಿಣಿ! ಹೋದ ವಾರ ಅಲ್ಲಿಗೇ ಹೋಗಿ ತಂದಿದ್ದು. ಹಸಿರು ಮೈ, ಕೆಂಪು ಕೊಕ್ಕು. ರೆಕ್ಕೆ ಹತ್ತಿರ ಒಂದು ಕಡೆ ಬಣ್ಣ ಸ್ವಲ್ಪ ದಪ್ಪ. ಬೆರಳಾಡಿಸಿದರೆ ಕುಂಚ ನಿಂತ ಜಾಗ ಸಿಗುತ್ತದೆ. ಹುಣಸೆ ಬೀಜದ ಅಂಟು ಕಲಸಿ ಗೊಂಬೆಗೆ ಹಚ್ಚುವ ಕಿಟ್ಟ ಮಾಡುತ್ತಾರೆ ಚಿತ್ರಗಾರರು, ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಆ ಆಟದ ಗೊಂಬೆಯೊಳಗೆ ಏನೂ ಇರಲ್ಲ ನೋಡ್ರಿ. ಕಾಲಡಿಯ ದುಂಡನೆ ಬಿಲ್ಲೆಯಲ್ಲಿ ಚಿಪ್ ಇರುತ್ತದೆ. ಪ್ಯಾಡ್ ಅದನ್ನು ಓದಿದರೆ ಗೊಂಬೆ ಟಿವಿಯೊಳಗೆ ಓಡಾಡುತ್ತದೆ.

2015ರಲ್ಲಿ ಶುರುವಾದಾಗ ಮೂರು ವರ್ಷ ಹೊಸ ಗೊಂಬೆ ಬರುತ್ತವೆ ಅಂದಿದ್ದರು. ಆಟ ಮಾಡಿದ್ದು ಟಿಟಿ ಗೇಮ್ಸ್, ಗೊಂಬೆ ಲೆಗೊದವರದು. 2017ರಲ್ಲೇ ನಿಲ್ಲಿಸಿಬಿಟ್ಟರು. ಇಂಥದ್ದೇ ಇನ್ನೊಂದು ಆಟ, ಡಿಸ್ನಿ ಇನ್ಫಿನಿಟಿ, ಅದಕ್ಕೂ ಒಂದು ವರ್ಷ ಮೊದಲೇ ನಿಂತಿತ್ತು.

ಮೂರನೇ ವರ್ಷಕ್ಕೆ ಅಂತ ಯಾರೋ ಕೂತು ಏನಾದರೂ ಬರೆದಿಟ್ಟಿರುತ್ತಾರೆ ಅಲ್ವಾ? ಒಂದು ಮುಖ, ಒಂದು ಟೋಪಿ. ಅದು ಯಾವ ಮಗುವಿನ ಕೈಗೂ ಬರಲಿಲ್ಲ. ನನಗೆ ಅದೇ ಜಾಸ್ತಿ ಸಂಕಟ.

ಹುಡುಗ ಬಿಡಲಿಲ್ಲ. ಗಿಣಿಯನ್ನು ತಿರುಗಿಸಿ ತಿರುಗಿಸಿ ಇಟ್ಟ. ಆಮೇಲೆ ಡಬ್ಬಿಯಿಂದ ಒಂದು ಬಿಲ್ಲೆ ಹುಡುಕಿ, ಅದರ ಮೇಲೆ ಗಿಣಿ ನಿಲ್ಲಿಸಿದ.

ಪ್ಯಾಡ್ ಬೆಳಗಿತು. ಟಿವಿಯಲ್ಲಿ ಬ್ಯಾಟ್‌ಮನ್ ಬಂದ.

"ಮಾಮಾ, ನಮ್ಮ ಗಿಣಿ ಒಳಗ ಹೋತು!"